‘ಮಗುಗೆ ಇದೆಲ್ಲ ಯಾಕೆ?’

1938ರ ನವೆಂಬರ್ 9ರಂದು ನಾಜಿಗಳು ಯಹೂದಿಗಳ ಮೇಲೆ ನಡೆಸಿದ ದಾಳಿಯ ನೆನಪಿಗೆ, ಪ್ರತಿ ವರ್ಷ ಆ ದಿನ ಬರ್ಲಿನ್ನಿನ ನಮ್ಮ ಬೀದಿಯಲ್ಲಿ ಅಲ್ಲಲ್ಲಿ ಜನ ಫುಟ್‌ಪಾತಿನ ಮೇಲೆ ಮಂಡಿಯೂರಿ ಹಿತ್ತಾಳೆ ಉಜ್ಜುತ್ತಿರುತ್ತಾರೆ. ನಾಜಿಗಳು ಕೊಂದವರು ಒಂದು ಕಾಲಕ್ಕೆ ವಾಸವಿದ್ದ ಮನೆಗಳೆದುರು ಹತ್ತು ಸೆಂಟಿಮೀಟರಿನ ಚೌಕ ಕಲ್ಲುಗಳನ್ನು ನೆಟ್ಟಿದ್ದಾರೆ. ಮೇಲೊಂದು ಹಿತ್ತಾಳೆ ತಗಡು, ಅದರ ಮೇಲೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಕೊಂದ ಜಾಗ. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಶುರುಮಾಡಿದ ಕೆಲಸವಿದು. ಯುರೋಪಿನಲ್ಲಿ ಈಗ ಇಂಥ ಕಲ್ಲುಗಳು ಒಂದು ಲಕ್ಷ ದಾಟಿವೆ.

ಈ ಸಲ ಪಕ್ಕದ ಮನೆಯ ಹಿರಿಯಾಕೆ ನನ್ನ ಎಂಟರ ಮಗಳ ಕೈಗೂ ಒಂದು ಸ್ಪಂಜು ಕೊಟ್ಟರು. ಮಗಳು ಅವರನ್ನು ಓಮಾ (ಜರ್ಮನ್‌ನಲ್ಲಿ ಅಜ್ಜಿ) ಅಂತಲೇ ಕರೆಯುವುದು. ಒಬ್ಬ ಹುಡುಗಿಯ ಕಲ್ಲನ್ನು ಉಜ್ಜುತ್ತಾ ಉಜ್ಜುತ್ತಾ ಮಗಳು ಅದರ ಮೇಲಿದ್ದ 1942ರಲ್ಲಿ 1930 ಕಳೆದು, "ಹನ್ನೆರಡೇ ವರ್ಷ! ಏನು ತಪ್ಪು ಮಾಡಿದ್ದಳು?" ಅಂದಳು.

"ಏನೂ ಇಲ್ಲ. ಅವರದು ಯಹೂದಿ ಮನೆ, ಅಷ್ಟೇ. ಮೊದಲು ಸ್ಕೂಲಿಗೆ ಬರಬೇಡ ಅಂದರು. ಆಮೇಲೆ ಈಜುಕೊಳಕ್ಕೆ ಬರಬೇಡ, ನಾಯಿ ಬೆಕ್ಕು ಸಾಕಬೇಡ ಅಂದರು. ಕೊನೆಗೆ ರೈಲಿಗೆ ಹತ್ತಿಸಿ ಕರೆದುಕೊಂಡು ಹೋಗಿ ಕೊಂದರು."

"ಯಾರೂ ಬೇಡ ಅನ್ನಲಿಲ್ವಾ?"

"ಬಹಳ ಕಡಿಮೆ ಜನ. ನಮ್ಮಪ್ಪ ಅನ್ನಲಿಲ್ಲ."

ನಾನು ಪಕ್ಕದಲ್ಲೇ ನಿಂತಿದ್ದೆ. ಓಮಾ ದನಿ ತಗ್ಗಿಸಲಿಲ್ಲ, ಕಥೆ ಕಟ್ಟಲಿಲ್ಲ, ಮಗುವಿಗೆ ಬೇಡದ ಘೋರವನ್ನು ಮಾತ್ರ ಬಿಟ್ಟರು. ಎಂಬತ್ತು ದಾಟಿದ ಹೆಂಗಸು ಎಂಟು ವರ್ಷದ ಹುಡುಗಿಯ ಮುಂದೆ ತನ್ನಪ್ಪನ ತಪ್ಪನ್ನೇ ಒಪ್ಪಿಕೊಂಡ ರೀತಿಗೆ ನನಗೆ ಗೌರವ ಉಕ್ಕಿತು.

ಎದೆಗೆ ನಾಟಿದ್ದು ಭಾನುವಾರದ ವಿಡಿಯೊ ಕಾಲ್. ಮಗಳು ಹಾಸನದ ಹತ್ತಿರದ ನಮ್ಮೂರಲ್ಲಿರುವ ಅಜ್ಜಿಗೆ ಕಲ್ಲಿನ ಕಥೆ ಪೂರ್ತಿ ಹೇಳಿ, "ಅಜ್ಜೀ, ನಮ್ಮೂರಲ್ಲೂ ಯಾರನ್ನಾದರೂ ಹೀಗೆ ಬರಬೇಡ ಅಂತಿದ್ರಾ?" ಅಂತ ಕೇಳಿದಳು. ಅಮ್ಮ ನನ್ನ ಕಡೆ ನೋಡಿ, "ಮಗುಗೆ ಇದೆಲ್ಲ ಯಾಕೋ? ಅದಕ್ಕೇನು ತಿಳಿಯುತ್ತೆ?" ಅಂದರು.

ನಾನು ಚಿಕ್ಕವನಿದ್ದಾಗ ಊರಿನ ನಮ್ಮ ಹಿತ್ತಿಲ ಮಾಡಿನ ಹೆಂಚಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟವಿತ್ತು. ಕಂಠದ ಹತ್ತಿರ ನೆಗ್ಗಿತ್ತು. ಹೊಲದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ತಾವೇ ಇಳಿಸಿಕೊಂಡು, ತೊಳೆದು, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅಮ್ಮ ಗೇಣು ಮೇಲಿಂದ ಕಾಫಿ ಹುಯ್ಯುತ್ತಿದ್ದರು. ಕುಡಿದಾದ ಮೇಲೆ ಮತ್ತೆ ತೊಳೆದು ಅದೇ ಸಂದಿಗೆ. ಯಾಕಮ್ಮ ಅಂದರೆ, "ದೊಡ್ಡೋನಾದ ಮೇಲೆ ಗೊತ್ತಾಗುತ್ತೆ." ದೊಡ್ಡವನಾದ ಮೇಲೂ ಯಾರೂ ಹೇಳಲಿಲ್ಲ. ಆದರೆ ಐದನೇ ವಯಸ್ಸಿಗೇ ನನಗೆ ಆ ಲೋಟ ಮುಟ್ಟಬಾರದೆಂದು ಗೊತ್ತಿತ್ತು. ಜಾತಿಯಂಥ ಜಟಿಲ ಸಂಗತಿಯನ್ನು ನಾವು ಮಕ್ಕಳಿಗೆ ಒಂದು ಮಾತೂ ಆಡದೆ ಅಚ್ಚುಕಟ್ಟಾಗಿ ಕಲಿಸುತ್ತೇವೆ. ಅದು ಯಾಕೆ ಅನ್ನುವುದನ್ನು ಹೇಳಬೇಕಾದಾಗ ಮಾತ್ರ ಮಗುವಿಗೆ ತಿಳಿಯುವುದಿಲ್ಲ ಅನ್ನುತ್ತೇವೆ! ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿತು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡ ವರ್ಷವೂ ಆ ಲೋಟ ಅಲ್ಲೇ ಇತ್ತು.

ಅವತ್ತು ರಾತ್ರಿ ಮಗಳಿಗೆ ಅಂಬೇಡ್ಕರರೇ ಬರೆದಿಟ್ಟಿರುವ ಅವರ ಬಾಲ್ಯದ ಒಂದು ಘಟನೆ ಹೇಳಿದೆ. 1901ರ ಆಸುಪಾಸು, ಅವರಿಗಾಗ ಒಂಬತ್ತು ವರ್ಷ. ಅಪ್ಪನನ್ನು ನೋಡಲು ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ರೈಲಿನಲ್ಲಿ ಈಗಿನ ಮಹಾರಾಷ್ಟ್ರದ ಮಸೂರ್ ಸ್ಟೇಷನ್ನಿಗೆ ಬಂದಿಳಿದರು. ಒಳ್ಳೆಯ ಬಟ್ಟೆ ತೊಟ್ಟ ಹುಡುಗರು. ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯವರು ಅಂತ ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಎರಡರಷ್ಟು ಬಾಡಿಗೆ ಕೊಡುತ್ತೇವೆಂದ ಮೇಲೆ ಒಬ್ಬ ಎತ್ತಿನ ಗಾಡಿಯವ ಒಪ್ಪಿದ, ಆದರೆ ಗಾಡಿಯನ್ನು ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟವಿತ್ತು, ದಾರಿಯಲ್ಲಿ ಕುಡಿಯುವ ನೀರು ಸಿಗಲಿಲ್ಲ. ನೀರಿಲ್ಲದೆ ಉಣ್ಣಲಾಗದೆ ಹಸಿದೇ ಮಲಗಿದರು.

ಮಗಳು ಸುಮಾರು ಹೊತ್ತು ಯೋಚಿಸಿ ಕೇಳಿದಳು: "ಗಾಡಿಯವರಿಗೆ ಹಾಗೆ ಮಾಡೋಕೆ ಯಾರು ಹೇಳಿಕೊಟ್ಟಿದ್ದು? ಅವರಮ್ಮನಾ?"

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಅಮ್ಮನಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೇನೆ, ಅವಳು ಮತ್ತೆ ಕೇಳೇ ಕೇಳುತ್ತಾಳೆ, ಲೋಟದ ವಿಷಯ ನೀನೇ ಹೇಳಬೇಕು, ನಾನೂ ಪಕ್ಕದಲ್ಲಿ ಕೂತಿರುತ್ತೇನೆ ಅಂತ. ಅಮ್ಮ ಇನ್ನೂ ಹೂಂ ಅಂದಿಲ್ಲ.