ದಸರೆಗೆ ಯುಕೆಜಿ ತರಗತಿಯಲ್ಲಿ ಗೊಂಬೆ, ಆನೆ, ಅಂಬಾರಿ

ಮೈಸೂರಿನ ಯುಕೆಜಿ ಮಕ್ಕಳಿಗೆ ದಸರಾ ರಜೆಗೆ ಮುಂಚೆ ಗೊಂಬೆ ಕೂರಿಸುವುದೇ ಲೆಕ್ಕದ ಪಾಠ. ಒಂಬತ್ತು ಮೆಟ್ಟಿಲು ಪುಟ್ಟ ಕೈಗೆ ಎಟುಕದು, 3 ಸಾಕು. ರಟ್ಟಿನ ಪೆಟ್ಟಿಗೆಗಳಿಗೆ ಹಳೇ ಪತ್ರಿಕೆ ಗಿಡಿದು ತುಂಬಿ, ಬಿಳಿ ಪಂಚೆ ಹೊದಿಸಿ. ಖಾಲಿ ಪೆಟ್ಟಿಗೆ ನಡುವೆ ಕುಸಿಯುತ್ತದೆ. ಪಟ್ಟದ ಗೊಂಬೆ, ಅಂದರೆ ರಾಜ-ರಾಣಿಯ ಜೋಡಿ, ಮೇಲಿನ ಮೆಟ್ಟಿಲಿಗೆ. ಉಳಿದವನ್ನು ಪ್ರಾಣಿ, ಮನುಷ್ಯ, ಗಾಡಿ ಎಂದು ಮಕ್ಕಳೇ ವಿಂಗಡಿಸಲಿ.

ಜೇಡಿಮಣ್ಣಿನ ಆನೆಗೆ ತಲಾ ಕಿತ್ತಳೆ ಗಾತ್ರದ ಉಂಡೆ. ಕಾಲುಗಳನ್ನು ಬೇರೆ ಮಾಡಿ ಅಂಟಿಸಿದರೆ ಒಣಗಿದ ಮೇಲೆ ಉದುರುತ್ತವೆ. ಅದೇ ಉಂಡೆಯಿಂದ ಹಿಸುಕಿ ಎಳೆಯಬೇಕು. ಸೊಂಡಿಲು ಮುಂಗಾಲಿಗೆ ಒರಗಿರಲಿ, ಇಲ್ಲದಿದ್ದರೆ ಮೊದಲು ಮುರಿಯುವುದು ಅದೇ. ಬಿಸಿಲಿಗಿಟ್ಟರೆ ಹೊರಮೈ ಮಾತ್ರ ಬೇಗ ಒಣಗಿ ಬಿರುಕು ಬಿಡುತ್ತದೆ; ನೆರಳಲ್ಲಿ 3 ದಿನ ಬಿಡಿ, ಬಣ್ಣ ಆಮೇಲೆ. ಖಾಲಿ ಬೆಂಕಿಪೊಟ್ಟಣಕ್ಕೆ ಚಿನ್ನದ ಕಾಗದ ಸುತ್ತಿದರೆ ಅಂಬಾರಿ. ನಿಜವಾದದ್ದು ಸುಮಾರು 750 ಕೆ.ಜಿ. ಎಂದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ, 25 ಕೆ.ಜಿ.ಯ 30 ಅಕ್ಕಿಮೂಟೆ ಎನ್ನಿ.