ಫೋಟೊ ತಿದ್ದಲು ಯಾವ ತಂತ್ರಾಂಶ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಛಾಯಾಗ್ರಹಣ ನನ್ನ ಹವ್ಯಾಸವೆಂದು ತಿಳಿದವರಲ್ಲಿ ಹೆಚ್ಚಿನವರು ಕೇಳುವುದು ಕ್ಯಾಮೆರಾದ ಬಗ್ಗೆ ಅಲ್ಲ, "ಮನೆ ಬಳಕೆಗೆ ಫೋಟೊ ಎಡಿಟ್ ಮಾಡಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಫೋಟೊಶಾಪೇ ಆಗಬೇಕೇ?" ಎಂದು. ಫೋಟೊಶಾಪೇ ಆಗಬೇಕಿಲ್ಲ, ಅಷ್ಟನ್ನು ಕೂಡಲೇ ಹೇಳಿಬಿಡಬಹುದು. ಉಳಿದದ್ದಕ್ಕೆ ಉತ್ತರಿಸುವ ಮೊದಲು ನಾನು ಎರಡು ಮಾತು ಕೇಳಿ ತಿಳಿದುಕೊಳ್ಳುತ್ತೇನೆ. ನೀವು ತಿದ್ದಬೇಕೆಂದಿರುವುದು ಒಂದೆರಡು ಚಿತ್ರಗಳನ್ನೋ ಅಥವಾ ಚಿತ್ರಗಳ ರಾಶಿಯನ್ನೋ? ಇಂದು ಮಾಡಿದ ತಿದ್ದುಪಡಿ ಹತ್ತು ವರ್ಷಗಳ ನಂತರವೂ ನಿಮ್ಮ ಕೈಗೆ ಸಿಗಬೇಕೋ, ಬೇಡವೋ? ತಂತ್ರಾಂಶದ ಹೆಸರು ಈ ಎರಡು ಉತ್ತರಗಳಿಂದ ತಾನಾಗಿ ಹೊರಬರುತ್ತದೆ.

ಫೋಟೊ ತಿದ್ದುವ ತಂತ್ರಾಂಶಗಳೆಂದು ನಾವು ಒಟ್ಟಾಗಿ ಕರೆಯುವವುಗಳಲ್ಲಿ ವಾಸ್ತವವಾಗಿ ಎರಡು ಜಾತಿಗಳಿವೆ. ಮೊದಲನೆಯದು ಒಂದು ಚಿತ್ರವನ್ನು ತೆರೆದು ಅದರ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುವಂಥದು. 1990ರಲ್ಲಿ ಬಂದ ಫೋಟೊಶಾಪ್, ವಿದ್ಯಾರ್ಥಿಗಳಿಬ್ಬರು 1995ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಗಿಂಪ್, 2015ರಲ್ಲಿ ಹೊರಬಂದ ಅಫಿನಿಟಿ ಫೋಟೊ ಇವೆಲ್ಲ ಈ ಜಾತಿಯವು. ಹರಿದ ಹಳೆಯ ಫೋಟೊವನ್ನು ಸರಿಪಡಿಸುವುದು, ಹಿನ್ನೆಲೆಯಲ್ಲಿರುವ ವಿದ್ಯುತ್ ತಂತಿಯನ್ನು ಅಳಿಸುವುದು, ಎರಡು ಚಿತ್ರಗಳನ್ನು ಲೇಯರ್‌ಗಳಾಗಿ, ಎಂದರೆ ಒಂದರ ಮೇಲೊಂದು ಪದರಗಳಾಗಿ, ಜೋಡಿಸುವುದು, ಮೇಲೆ ಅಕ್ಷರ ಬರೆಯುವುದು ಇಂಥ ಕೆಲಸಗಳಿಗೆ ಇವೇ ಬೇಕು. ಎರಡನೆಯ ಜಾತಿಯದು ಚಿತ್ರಗಳ ರಾಶಿಯನ್ನು ಎದುರಿಗೆ ಹರಡಿ, ಆಯ್ದು, ಬೆಳಕು ಮತ್ತು ಬಣ್ಣವನ್ನು ಹದಗೊಳಿಸಿ, ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಗಳನ್ನು ಬರೀ ಸೂಚನೆಗಳಾಗಿ ಬರೆದಿಟ್ಟುಕೊಳ್ಳುವಂಥದು. 2007ರ ಲೈಟ್‌ರೂಮ್, 2009ರಲ್ಲಿ ಬಂದ ಮುಕ್ತ ತಂತ್ರಾಂಶ ಡಾರ್ಕ್‌ಟೇಬಲ್, ಅದರ ಓರಗೆಯ ರಾಥೆರಪಿ ಈ ಗುಂಪಿಗೆ ಸೇರುತ್ತವೆ.

ಪ್ರವಾಸದಿಂದಲೋ ಮದುವೆಯಿಂದಲೋ ಮರಳಿ ಬಂದು ಮುನ್ನೂರು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿದವರಿಗೆ ಬೇಕಾಗುವುದು ಎರಡನೆಯ ಜಾತಿಯ ತಂತ್ರಾಂಶ. ಆದರೆ ಹೆಸರು ಕೇಳಿ ಗೊತ್ತಿರುವುದು ಮೊದಲನೆಯದು. ಮುನ್ನೂರರಲ್ಲಿ ಮೂವತ್ತನ್ನು ಆಯುವುದು, ಓರೆಯಾದ ದಿಗಂತವನ್ನು ನೆಟ್ಟಗೆ ಮಾಡುವುದು, ಒಂದೇ ಕೋಣೆಯ ಹಳದಿ ಬೆಳಕಿನಲ್ಲಿ ತೆಗೆದ ಇಪ್ಪತ್ತು ಚಿತ್ರಗಳಲ್ಲಿ ಒಂದರ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹದ) ಸರಿಪಡಿಸಿ ಅದನ್ನೇ ಉಳಿದ ಹತ್ತೊಂಬತ್ತಕ್ಕೂ ಅಂಟಿಸುವುದು, ಇವು ಲೈಟ್‌ರೂಮ್‌ನಲ್ಲಿಯೋ ಡಾರ್ಕ್‌ಟೇಬಲ್‌ನಲ್ಲಿಯೋ ನಿಮಿಷಗಳ ಕೆಲಸ. ಇದನ್ನೇ ಫೋಟೊಶಾಪ್‌ನಲ್ಲಿ ಒಂದೊಂದಾಗಿ ತೆರೆದು, ತಿದ್ದಿ, ಉಳಿಸಿ, ಮುಚ್ಚುತ್ತ ಕುಳಿತವರು ಹತ್ತನೆಯ ಚಿತ್ರಕ್ಕೆ ಬೇಸತ್ತು ಹವ್ಯಾಸವನ್ನೇ ಬೈಯುತ್ತಾರೆ.

ನಿಮ್ಮ ಕ್ಯಾಮೆರಾ ರಾ ಕಡತಗಳನ್ನು, ಎಂದರೆ ತಾನು ಹಿಡಿದದ್ದನ್ನು ಸಂಸ್ಕರಿಸದೆ ಹಾಗೆಯೇ ಇಟ್ಟ ಕಡತಗಳನ್ನು, ಕೊಡುತ್ತದೆಯೇ, ನೀವು ಅದನ್ನು ಬಳಸುತ್ತೀರಾ ಎಂಬುದೂ ಇಲ್ಲಿ ಮುಖ್ಯ. ಮರದ ನೆರಳಿನಲ್ಲಿ ನಿಂತವರ ಮುಖ, ಅವರ ಹಿಂದೆ ಬಿಸಿಲಿನ ಆಕಾಶ ಇರುವ ಒಂದು ಚಿತ್ರವನ್ನು ತೆಗೆದುಕೊಳ್ಳಿ. ಆಕಾಶ ಸರಿಯಾಗಿ ಬಂದರೆ ಮುಖ ಕಪ್ಪಾಗಿರುತ್ತದೆ. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೂ ಇರುವುದು 256 ಮಟ್ಟಗಳು, ಅದರ ಮೇಲೆ ಕ್ಯಾಮೆರಾ ತನಗೆ ಬೇಡವೆನಿಸಿದ ವಿವರವನ್ನು ಹಿಂಡಿ ತೆಗೆದಿರುತ್ತದೆ. ಆ ಮುಖವನ್ನು ಬೆಳಗಿಸಲು ಹೊರಟರೆ ಕೆನ್ನೆಯ ಮೇಲೆ ಮೃದುವಾಗಿ ಹರಡಬೇಕಾದ ನೆರಳು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಕೂದಲಿನ ಸುತ್ತ ಚೌಕಾಕಾರದ ಕಲೆಗಳು ಕಾಣುತ್ತವೆ. ಅದೇ ಚಿತ್ರದ ರಾ ಕಡತ 12 ಬಿಟ್‌ನದಾದರೆ 4096, 14 ಬಿಟ್‌ನದಾದರೆ 16384 ಮಟ್ಟಗಳನ್ನು ಹಿಡಿದಿಟ್ಟಿರುತ್ತದೆ. ನೆರಳನ್ನು ಎತ್ತಿದಾಗ ಒಂದಿಷ್ಟು ಮರಳುಮರಳಾದ ನಾಯ್ಸ್ ಬಂದರೂ ಮುಖ ಮುಖವಾಗಿಯೇ ಉಳಿಯುತ್ತದೆ. ವೈಟ್ ಬ್ಯಾಲೆನ್ಸ್ ಕೂಡ ರಾ ಕಡತದಲ್ಲಿ ಇನ್ನೂ ನಿರ್ಧಾರವಾಗಿರುವುದಿಲ್ಲ, ನೀವು ಹೇಳಿದಂತೆ ಆಗುತ್ತದೆ. ಹೀಗಾಗಿ ರಾ ತೆಗೆಯುವವರಿಗೆ ಎರಡನೆಯ ಜಾತಿಯ ತಂತ್ರಾಂಶ ಅನಿವಾರ್ಯ. ಜೆಪೆಗ್ ಮಾತ್ರ ತೆಗೆಯುತ್ತೇನೆ, ಅದರಲ್ಲೇ ಖುಷಿಯಾಗಿದ್ದೇನೆ ಎನ್ನುವವರ ಅಗತ್ಯ ಚಿಕ್ಕದು, ಅವರು ಅದಕ್ಕಾಗಿ ನಾಚಿಕೊಳ್ಳಬೇಕಾದದ್ದೂ ಇಲ್ಲ.

ನನ್ನ ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ನನಗಂತೂ ಅದೇ ದೊಡ್ಡದು. ಫೋಟೊ ತಂತ್ರಾಂಶಗಳ ಇತಿಹಾಸವೆಂದರೆ ಅರ್ಧಕ್ಕೆ ಕೈಬಿಟ್ಟು ಹೋದವರ ಇತಿಹಾಸ. ಗೂಗಲ್ 2004ರಲ್ಲಿ ಕೊಂಡುಕೊಂಡು ಉಚಿತವಾಗಿ ಹಂಚಿದ ಪಿಕಾಸಾ ಮನೆಮನೆಯ ಕಂಪ್ಯೂಟರುಗಳಲ್ಲಿ ಇತ್ತು, 2016ರಲ್ಲಿ ನಿಂತುಹೋಯಿತು. ಅದು ನೀವು ಮಾಡಿದ ತಿದ್ದುಪಡಿಗಳನ್ನು ಪ್ರತಿ ಫೋಲ್ಡರಿನಲ್ಲೂ ಅಡಗಿದ ಒಂದು ಪುಟ್ಟ ಪಠ್ಯ ಕಡತದಲ್ಲಿ ಬರೆದಿಡುತ್ತಿತ್ತು. ಸೇವ್ ಮಾಡದೆ ಬಿಟ್ಟ ಕ್ರಾಪ್, ಬಣ್ಣದ ತಿದ್ದುಪಡಿ ಎಲ್ಲವೂ ಪಿಕಾಸಾದೊಳಗೆ ಮಾತ್ರ ಕಾಣುತ್ತಿದ್ದವು. ಬೇರೆ ತಂತ್ರಾಂಶದಲ್ಲಿ ತೆರೆದರೆ ಮೊದಲಿನ ಓರೆ, ಮೊದಲಿನ ಕತ್ತಲೆ ಹಾಗೆಯೇ ಇರುತ್ತಿದ್ದವು. ಹಣ ಕೊಟ್ಟು ಕೊಂಡ ತಂತ್ರಾಂಶಕ್ಕೂ ಇದೇ ಗತಿ ಬರಬಹುದೆಂಬುದಕ್ಕೆ ಆ್ಯಪಲ್‌ನ ಅಪರ್ಚರ್ ಸಾಕ್ಷಿ: 2005ರಲ್ಲಿ ಬಂದ ಅದರ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಕಂಪನಿ 2014ರಲ್ಲಿ ಪ್ರಕಟಿಸಿತು.

ಇನ್ನು ಚಂದಾ ಪದ್ಧತಿ. ಫೋಟೊಶಾಪ್, ಲೈಟ್‌ರೂಮ್ ಎರಡನ್ನೂ ತಯಾರಿಸುವ ಅಡೋಬಿ ಸಂಸ್ಥೆ 2013ರಲ್ಲಿ ಫೋಟೊಶಾಪ್‌ನ ಮುಂದಿನ ಆವೃತ್ತಿಗಳನ್ನು ಚಂದಾದಾರರಿಗೆ ಮಾತ್ರ ಎಂದು ಮಾಡಿತು. ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಕಡೆಯ ಲೈಟ್‌ರೂಮ್ 2015ರ 6ನೆಯ ಆವೃತ್ತಿ. ಚಂದಾ ನಿಲ್ಲಿಸಿದರೆ ಚಿತ್ರಗಳೇ ಹೋಗುತ್ತವೆ ಎಂದು ಹೆದರಿಸುವವರಿದ್ದಾರೆ, ಅದು ಸರಿಯಲ್ಲ. ಕಂಪ್ಯೂಟರಿನಲ್ಲೇ ಚಿತ್ರಗಳನ್ನು ಇಟ್ಟುಕೊಳ್ಳುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ಮುಗಿದ ಮೇಲೂ ಕ್ಯಾಟಲಾಗ್ (ಚಿತ್ರಗಳ ಮತ್ತು ತಿದ್ದುಪಡಿಗಳ ದಾಖಲೆ) ತೆರೆದು ನೋಡಬಹುದು, ಚಿತ್ರಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ಡೆವಲಪ್ ಎಂಬ ವಿಭಾಗ ಮುಚ್ಚಿಕೊಳ್ಳುವುದರಿಂದ ಅದರಲ್ಲಿ ಹೊಸದಾಗಿ ತಿದ್ದಲು ಆಗುವುದಿಲ್ಲ ಅಷ್ಟೆ. ವೃತ್ತಿಯವರಿಗೆ ಇದು ದೊಡ್ಡ ವಿಷಯವಲ್ಲ, ಅವರ ಚಂದಾ ಕೆಲಸದಿಂದಲೇ ಹುಟ್ಟುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಉತ್ಸಾಹದಿಂದ ಫೋಟೊ ತೆಗೆದು ಉಳಿದ ಎಂಟು ತಿಂಗಳು ಕ್ಯಾಮೆರಾ ಚೀಲವನ್ನು ಮುಟ್ಟದ ಹವ್ಯಾಸಿಗೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ.

ಹಾಗೆಂದು ಉಚಿತವಾದದ್ದೆಲ್ಲ ಒಂದೇ ಬಗೆಯದಲ್ಲ. ಒಮ್ಮೆ ಹಣ ಕೊಟ್ಟರೆ ಸಾಕು ಎಂಬ ಕಾರಣಕ್ಕೆ ಅನೇಕರು ಮೆಚ್ಚಿದ್ದ ಅಫಿನಿಟಿಯನ್ನು ಕ್ಯಾನ್ವಾ ಸಂಸ್ಥೆ 2024ರಲ್ಲಿ ಕೊಂಡುಕೊಂಡಿತು, 2025ರ ಅಕ್ಟೋಬರಿನಲ್ಲಿ ಉಚಿತವಾಗಿಸಿತು. ಈಗ ಅದನ್ನು ಬಳಸಲು ಕ್ಯಾನ್ವಾ ಖಾತೆ ಬೇಕು, ಎಐ ಸೌಲಭ್ಯಗಳಿಗೆ ಹಣ ಕೊಡಬೇಕು. ತಂತ್ರಾಂಶ ಬಹಳ ಚೆನ್ನಾಗಿದೆ, ಪಿಕ್ಸೆಲ್ ಮಟ್ಟದ ಕೆಲಸಕ್ಕೆ ಹೊಸಬರು ಧಾರಾಳವಾಗಿ ಬಳಸಬಹುದು. ಆದರೆ ಒಂದು ಕಂಪನಿ ತನ್ನ ಮನಸ್ಸಿನಂತೆ ಕೊಟ್ಟದ್ದನ್ನು ಮನಸ್ಸಿನಂತೆ ಹಿಂತೆಗೆದುಕೊಳ್ಳಲೂಬಹುದು. ಗಿಂಪ್, ಡಾರ್ಕ್‌ಟೇಬಲ್‌ಗಳ ಮೂಲಸಂಕೇತವೇ ಸಾರ್ವಜನಿಕವಾಗಿರುವುದರಿಂದ ಅವುಗಳನ್ನು ಹೀಗೆ ಹಿಂತೆಗೆದುಕೊಳ್ಳಲು ಯಾರಿಗೂ ಆಗದು.

ಮುಕ್ತ ತಂತ್ರಾಂಶಗಳನ್ನು ಹೊಗಳುವವರು ಅವುಗಳ ಕಷ್ಟವನ್ನು ಮುಚ್ಚಿಡುತ್ತಾರೆ, ನಾನು ಮುಚ್ಚಿಡುವುದಿಲ್ಲ. ಡಾರ್ಕ್‌ಟೇಬಲ್ ಮೊದಲ ವಾರ ನಿಮ್ಮನ್ನು ಗೋಳುಹೊಯ್ದುಕೊಳ್ಳುತ್ತದೆ. ಒಂದೇ ಕೆಲಸಕ್ಕೆ ಮೂರು ನಾಲ್ಕು ಮಾಡ್ಯೂಲ್‌ಗಳು, ಪ್ರತಿಯೊಂದರಲ್ಲೂ ಹತ್ತಾರು ಸ್ಲೈಡರ್‌ಗಳು, ಅವುಗಳಿಗೆ ಭೌತಶಾಸ್ತ್ರದ ಪುಸ್ತಕದಿಂದ ಎತ್ತಿದಂಥ ಹೆಸರುಗಳು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್‌ಗಾಗಿ ಇರುವ ಕಲರ್ ಕ್ಯಾಲಿಬ್ರೇಶನ್, ನೆರಳು-ಬೆಳಕನ್ನು ಬೇರೆಬೇರೆಯಾಗಿ ಹದಗೊಳಿಸುವ ಟೋನ್ ಈಕ್ವಲೈಜರ್, ಕ್ರಾಪ್ ಈ ನಾಲ್ಕನ್ನು ಮಾತ್ರ ಕಲಿತು ಉಳಿದದ್ದರ ಕಡೆ ಕೆಲವು ತಿಂಗಳು ತಿರುಗಿಯೂ ನೋಡದಿರುವುದು ಒಳ್ಳೆಯದು. ಗಿಂಪ್‌ನಲ್ಲಿ ಬಹಳ ಕಾಲದಿಂದ ಇದ್ದ ಕೊರತೆಯೊಂದು, ಹಾಕಿದ ಫಿಲ್ಟರನ್ನು ಆಮೇಲೆ ಬದಲಿಸಲು ಆಗದಿರುವುದು, 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ ನೀಗಿದೆ.

ಯಾವುದನ್ನೇ ಆರಿಸಿಕೊಂಡರೂ ಹೊರಬರುವ ದಾರಿಯನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಬೇಕು. ಡಾರ್ಕ್‌ಟೇಬಲ್ ಪ್ರತಿ ಚಿತ್ರದ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಚಿಕ್ಕ ಕಡತವನ್ನು ಇಡುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ಗೂ ಹಾಗೆ ಬರೆಯುವಂತೆ ಹೇಳಬಹುದು. ಚಿತ್ರಕ್ಕೆ ನೀವು ಕೊಟ್ಟ ನಕ್ಷತ್ರಗಳು, ಹೆಸರುಗಳು, ಟ್ಯಾಗ್‌ಗಳು ಈ ಕಡತದ ಮೂಲಕ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ದಾಟುತ್ತವೆ. ಬಣ್ಣ, ಬೆಳಕಿನ ತಿದ್ದುಪಡಿಗಳು ಮಾತ್ರ ಸರಿಯಾಗಿ ದಾಟುವುದಿಲ್ಲ, ಏಕೆಂದರೆ ಪ್ರತಿ ತಂತ್ರಾಂಶದ ಲೆಕ್ಕಾಚಾರ ಬೇರೆ. ಆದ್ದರಿಂದ ನಿಜವಾಗಿ ಬೇಕಾದ ಚಿತ್ರಗಳನ್ನು, ಎಂದರೆ ರಾಶಿಯಲ್ಲಿ ಆಯ್ದ ಆ ಮೂವತ್ತನ್ನು, ಮುಗಿಸಿದ ಕೂಡಲೇ ಉತ್ತಮ ಗುಣಮಟ್ಟದ ಜೆಪೆಗ್ ಆಗಿಯೋ 16 ಬಿಟ್ ಟಿಫ್ ಆಗಿಯೋ ಎಕ್ಸ್‌ಪೋರ್ಟ್ ಮಾಡಿ, ರಾ ಕಡತಗಳ ಜೊತೆಗೇ ಬ್ಯಾಕಪ್ ಇಟ್ಟುಕೊಳ್ಳಬೇಕು.

ಸಣ್ಣ ಅಗತ್ಯಗಳಿಗೆ ಇಷ್ಟೆಲ್ಲ ಬೇಕಿಲ್ಲ. ಫೋನಿನಲ್ಲಿ ತೆಗೆದು ಫೋನಿನಲ್ಲೇ ಹಂಚುವವರಿಗೆ ಸ್ನ್ಯಾಪ್‌ಸೀಡ್ ಸಾಕು. ತಿಂಗಳಿಗೊಮ್ಮೆ ಚಿತ್ರದ ಅಳತೆ ಬದಲಿಸುವವರಿಗೆ ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಅಥವಾ ಪೇಂಟ್ ಡಾಟ್ ನೆಟ್ ಆದೀತು. ಯಾರೋ ಕಳಿಸಿದ ಪಿಎಸ್‌ಡಿ (ಫೋಟೊಶಾಪ್‌ನ) ಕಡತವನ್ನು ತೆರೆಯಬೇಕಾದರೆ ಬ್ರೌಸರಿನಲ್ಲೇ ಕೆಲಸ ಮಾಡುವ ಫೋಟೊಪಿಯಾ ಇದೆ.

"ನೀವು ಏನು ಬಳಸುತ್ತೀರಿ?" ಎಂದು ಕೊನೆಗೆ ಕೇಳಿಯೇ ಕೇಳುತ್ತಾರೆ. ಆಯುವುದಕ್ಕೆ ಮತ್ತು ಹೆಸರು ಹಚ್ಚುವುದಕ್ಕೆ ಡಿಜಿಕ್ಯಾಮ್ ಎಂಬ ತಂತ್ರಾಂಶ, ರಾ ಕಡತಗಳಿಗೆ ಡಾರ್ಕ್‌ಟೇಬಲ್, ಅಪರೂಪಕ್ಕೊಮ್ಮೆ ತಂತಿ ಅಳಿಸಲು ಗಿಂಪ್. ಕಲಿಯಲು ಪುರುಸೊತ್ತಿಲ್ಲ, ಪ್ರತಿ ವಾರ ಚಿತ್ರ ತೆಗೆಯುತ್ತೇನೆ, ತಿಂಗಳ ಚಂದಾ ಭಾರವಲ್ಲ ಎನ್ನುವವರಿಗೆ ನಾನು ಹಿಂಜರಿಯದೆ ಲೈಟ್‌ರೂಮ್ ಕ್ಲಾಸಿಕ್ ಹೇಳುತ್ತೇನೆ. ಯಾವುದನ್ನು ಹಾಕಿಕೊಂಡರೂ ಮೊದಲು ಮಾನಿಟರಿನ ಬೆಳಕನ್ನು ಇಳಿಸಿಕೊಳ್ಳಿ. ಪ್ರಿಂಟ್ ಕಪ್ಪಾಗಿ ಬಂತೆಂದು ತಂತ್ರಾಂಶವನ್ನು ದೂರುವವರಲ್ಲಿ ಬಹಳ ಮಂದಿಯ ಪರದೆ ಬೇಕಾದ್ದಕ್ಕಿಂತ ಹೆಚ್ಚು ಬೆಳಗುತ್ತಿರುತ್ತದೆ.