ಟಿಎಸ್‌ಎಚ್ 11, ಅಮ್ಮನ ಲೆಕ್ಕ

14 ಜುಲೈ 2024, ಭಾನುವಾರ

ಸಂಜೆ ಅಮ್ಮನ ಫೋನ್. ಎತ್ತಿದ ಕೂಡಲೇ ಗೊತ್ತಾಯಿತು, ಸಿಟ್ಟಿನಲ್ಲಿದ್ದಾಳೆ.

“ಅಲ್ಲ ಕಣೇ, ಥೈರಾಯ್ಡ್ ಟೆಸ್ಟಲ್ಲಿ ಟಿಎಸ್‌ಎಚ್ 11 ಬಂದಿದೆ. 4ರ ಒಳಗಿರಬೇಕಂತೆ. ಜಾಸ್ತಿ ಇದ್ರೆ ಥೈರಾಯ್ಡ್ ಮಾತ್ರೆ ಕಡಿಮೆ ಮಾಡ್ಬೇಕಲ್ವಾ? ಈ ಡಾಕ್ಟ್ರು ನೋಡಿದ್ರೆ 50ರದ್ದನ್ನ 75 ಮಾಡಿದಾರೆ!”

ಲೆಕ್ಕ ಸರಿಯಾಗೇ ಇದೆ. ಆದರೆ ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಅನ್ನೋ ಪುಟ್ಟ ಗ್ರಂಥಿ ಇದೆ, ಅದು ಕಳಿಸುವುದು. ಕತ್ತಿನಲ್ಲಿರುವ ಥೈರಾಯ್ಡಿಗೆ ‘ನಿನ್ನ ಹಾರ್ಮೋನ್ ಥೈರಾಕ್ಸಿನ್ ಇನ್ನಷ್ಟು ಮಾಡು’ ಅಂತ ಹೇಳುವುದೇ ಅದರ ಕೆಲಸ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ಮಾತ್ರೆಯಿಂದ ಆ ಕೊರತೆ ತುಂಬಿದರೆ ತಾನಾಗಿ ಇಳಿಯುತ್ತದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಓ, ನಿನ್ನನ್ನ ಸ್ಕೂಲಿಗೆ ಎಬ್ಬಿಸ್ತಿದ್ದ ಹಾಗೆ. ನೀನು ಏಳದಿದ್ದಷ್ಟೂ ನನ್ನ ಗಂಟಲು ಜೋರು.”

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರ್ತಿರಲಿಲ್ಲ.

ಮೈಯ ಜೀವಕೋಶಗಳು ಎಷ್ಟು ಬೇಗ ಶಕ್ತಿ ಖರ್ಚು ಮಾಡಬೇಕು ಅನ್ನುವುದನ್ನು ಹೆಚ್ಚುಕಡಿಮೆ ಈ ಥೈರಾಯ್ಡ್ ಹಾರ್ಮೋನೇ ತೀರ್ಮಾನಿಸುತ್ತದೆ. ಅದು ಕಡಿಮೆಯಾದರೆ ಚಳಿ, ಸುಸ್ತು, ಮಲಬದ್ಧತೆ, ಕೂದಲು ಉದುರುವುದು. ಮೇ ತಿಂಗಳಲ್ಲಿ ಅಮ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಮದುವೆ ಮನೆಯಲ್ಲಿ ಚಿಕ್ಕಮ್ಮ ಎಲ್ಲರೆದುರಿಗೆ “ಅಕ್ಕ ಈಗೀಗ ತುಂಬಾ ಸೋಮಾರಿ ಆಗಿದಾಳೆ” ಅಂದರು. ಅಮ್ಮ ನಕ್ಕಳು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

“ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಕಾಫಿ ಕುಡೀತೀಯ?”

“ಎಷ್ಟು ಹೊತ್ತಿಗೆ ಅಂದ್ರೆ? ಆಗ್ಲೇ.”

ಸಿಕ್ಕಿತಲ್ಲ! ಕಾಫಿ ಜೊತೆಗೇ ಹೋದರೆ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಹೇಳಿದೆ. ಬೆಳಗಿನ ಡಿಕಾಕ್ಷನ್ ಮುಂದೆ ನನ್ನ ಮಾತು ಎಷ್ಟು ನಡೆಯುತ್ತೋ ನೋಡಬೇಕು. ಡಾಕ್ಟರಿಗೂ ಈ ಕಾಫಿ ವಿಷಯ ಹೇಳು ಅಂದಿದ್ದೇನೆ.

ಮತ್ತೆ ಟೆಸ್ಟ್ ಯಾಕೆ ಆರು ವಾರ ಬಿಟ್ಟು ಅಂತ ಇನ್ನೊಂದು ತಕರಾರು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕು. ಹೊಸ ಡೋಸ್ ನೆಲೆ ನಿಲ್ಲಲು ಅದೇ ಲೆಕ್ಕದಲ್ಲಿ ಒಂದೂವರೆ ತಿಂಗಳು. ಗಾಬರಿಯಾದಾಗ ರಕ್ತಕ್ಕೆ ಬರುವ ಹಾರ್ಮೋನ್ ಅಡ್ರಿನಲಿನ್ ಹಾಗಲ್ಲ. ಮಧ್ಯಾಹ್ನ ಸಿಗ್ನಲ್ ಹತ್ತಿರ ಆಟೋದವನು ಅಡ್ಡ ಬಂದಾಗ ನನ್ನ ಎದೆ ಡವಡವ ಅಂದಿದ್ದು ಅದರಿಂದಲೇ. ಕೆಲವೇ ನಿಮಿಷದಲ್ಲಿ ಕರಗಿಯೂ ಹೋಯಿತು. ಅದೇ ರಕ್ತ. ಒಂದು ಹಾರ್ಮೋನ್ ನಿಮಿಷಗಳಲ್ಲಿ ಮುಗಿಯುತ್ತದೆ, ಇನ್ನೊಂದು ವಾರಗಟ್ಟಲೆ ಇರುತ್ತದೆ.

ಫೋನ್ ಇಡುವಾಗ ಅಮ್ಮ, “ನಿಮ್ಮಪ್ಪನ ಮೇಲೆ ರೇಗೋದೂ ಥೈರಾಯ್ಡೇನಾ?” ಅಂದಳು. ನಾನು ಜಾಣತನದಿಂದ ಕ್ಯಾಲ್ಸಿಯಂ ಮಾತ್ರೆ ವಿಷಯ ತೆಗೆದೆ. ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ರಾತ್ರಿ ಊಟ ಆದಮೇಲೆ ಕೊಡೋಕೆ ಅಪ್ಪನಿಗೆ ಹೇಳಬೇಕು, ಅವರಾದರೋ ಒಂಬತ್ತಕ್ಕೇ ಮಲಗಿಬಿಡುತ್ತಾರೆ…